ಪಾರ್ಕಿನ ಇನ್ಸ್‌ಪೆಕ್ಟರ್ ಸಾಹೇಬರು

ಊರಾಚೆಯ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಕೆಲಸ ಮಾಡುವವರೆಲ್ಲ ಸೇರಿ ಕನ್ನಡಕದ ಅಂಗಡಿಯ ಯಜಮಾನರಿಗೆ ಇಟ್ಟಿದ್ದ ಹೆಸರು ಇನ್ಸ್‌ಪೆಕ್ಟರ್ ಸಾಹೇಬರು. ಅವರಿಗೆ ಅಲ್ಲಿ ಮೂರು ಕಾಸಿನ ಅಧಿಕಾರವೂ ಇರಲಿಲ್ಲ. ಇದ್ದದ್ದು ಒಂದು ವರ್ಷದ ಪಾಸು, ಮತ್ತೆ ಕಂಡಕಂಡದ್ದರಲ್ಲೆಲ್ಲ ಹುಳುಕು ಹುಡುಕುವ ಕಣ್ಣು. ಭಾನುವಾರ ಬಂತೆಂದರೆ ಗೇಟು ತೆರೆಯುವ ಮೊದಲೇ ಹೋಗಿ ನಿಂತುಬಿಡುವರು. ಒಳಗೆ ಕಾಲಿಟ್ಟರೋ ಇಲ್ಲವೋ, ಶುರು. ಪುಟಾಣಿ ರೈಲಿನ ಸೀಟಿ ಮೊದಲಿನ ಹಾಗೆ ಕೂಗುವುದಿಲ್ಲ. ಕಾರಂಜಿಯ ಎದುರಿಗಿದ್ದ ಬೆಂಚು ಕಿತ್ತುಹಾಕಿ ಐಸ್‌ಕ್ರೀಮ್ ಗಾಡಿ ತಂದು ನಿಲ್ಲಿಸಿದ್ದಾರಲ್ಲ, ಬುದ್ಧಿ ಬೇಡವೇ? ನೀರು ಚಿಮ್ಮಿಸುವ ಸಿಮೆಂಟಿನ ಆನೆಗೆ ಬಣ್ಣ ಹೊಡೆದ ಮಹಾನುಭಾವ ಒಂದು ಕಿವಿಯನ್ನು ಬೂದು ಮಾಡಿ ಇನ್ನೊಂದನ್ನು ನೀಲಿ ಮಾಡಿಟ್ಟಿದ್ದಾನೆ. ದೆವ್ವದ ಮನೆಯ ದೆವ್ವವಂತೂ ಈಚೀಚೆಗೆ ತೀರಾ ಸೋಮಾರಿಯಾಗಿದೆ. ಜನ ದಾಟಿ ಹೋದಮೇಲೆ ನಿಧಾನವಾಗಿ ಎದ್ದು ಕೂರುತ್ತದೆ.

ಇಷ್ಟೆಲ್ಲ ಬೈದ ಮನುಷ್ಯ ಬೇಗ ಮನೆಗೆ ಹೋಗುತ್ತಿದ್ದರೇ? ಎಲ್ಲಿ! ಗೇಟು ಮುಚ್ಚುತ್ತೇವೆ ಎಂದು ಕಾವಲಿನವನು ಬಂದು ಎಬ್ಬಿಸುವವರೆಗೂ ಅಲ್ಲೇ ಠಿಕಾಣಿ. ಮುಂದಿನ ವಾರ ಮತ್ತೆ ಹಾಜರು.

ಅವರ ಹೆಂಡತಿ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಬಂದವರಿಗೆ ಟೋಕನ್ ಕೊಟ್ಟು ಕೂರಿಸುವ ಕೆಲಸದಲ್ಲಿದ್ದರು. ವಾರವೆಲ್ಲ ಹಲ್ಲುನೋವಿನವರ ಗೋಳು ಕೇಳಿ ಕಿವಿ ಸೋತಿರುತ್ತಿತ್ತು. ಭಾನುವಾರ ಸಂಜೆ ಗಂಡ ಬಂದು ಪಾರ್ಕಿನ ಗೋಳು ಬಿಚ್ಚುವರು. ಆಕೆ "ಹೌದಾ?", "ಅಯ್ಯೋ ಪಾಪ" ಎನ್ನುತ್ತ ಒಗೆದ ಬಟ್ಟೆ ಮಡಿಸುವರು. ಪಾರ್ಕಿನ ಕಡೆ ಆಕೆ ಒಂದು ದಿನವೂ ತಲೆ ಹಾಕಿದವರಲ್ಲ. ಸಾಹೇಬರ ಮನಸ್ಸಿನೊಳಗಿನ ಕೊರಗು ಇದೊಂದೇ. ಪುಟಾಣಿ ರೈಲಿನಲ್ಲಿ ಇಬ್ಬರು ಕೂರುವ ಸೀಟಿನ ಮೇಲೆ ಪಕ್ಕದಲ್ಲಿ ಟವೆಲ್ಲು ಇಟ್ಟುಕೊಂಡು ಒಬ್ಬರೇ ಕೂತು ಕೂತು ಅವರಿಗೆ ಸಾಕಾಗಿ ಹೋಗಿತ್ತು. ಅವಳಿಗೆ ಇಂಥದ್ದೆಲ್ಲ ಹಿಡಿಸುವುದಿಲ್ಲ, ಮಕ್ಕಳಾಟ ಅನ್ನಿಸುತ್ತದೆ ಎಂದು ತಾವೇ ತೀರ್ಮಾನಿಸಿಕೊಂಡು ಸುಮ್ಮನಾಗಿದ್ದರು.

ಹೀಗಿರುವಾಗ ಹೆಂಡತಿಯ ತಂಗಿ ಬಂದಳು. ದೂರದ ಊರಿನವಳು, ಒಂದೇ ದಿನದ ಬಿಡುವು, ಪಾರ್ಕು ನೋಡಲೇಬೇಕೆಂದು ಹಟ. ಅಕ್ಕನಿಗೆ ಕ್ಲಿನಿಕ್ಕಿನಲ್ಲಿ ರಜೆ ಸಿಗಲಿಲ್ಲ. ಸಾಹೇಬರು ಅಂಗಡಿ ಮುಚ್ಚಿ, ನಾದಿನಿಯನ್ನು ಕರೆದುಕೊಂಡು ಹೊರಟರು.

"ನೋಡಮ್ಮ, ಇಲ್ಲಿ ಮೊದಲು ಒಂದು ಬೆಂಚಿತ್ತು" ಎಂದರು ಕಾರಂಜಿಯ ಹತ್ತಿರ.

"ಈಗ ಐಸ್‌ಕ್ರೀಮ್ ಇದೆಯಲ್ಲ ಭಾವ, ಬನ್ನಿ ತಿನ್ನೋಣ."

"ಆ ಆನೆ ಕಿವಿ ನೋಡು, ಹೇಗೆ ಕೆಡಿಸಿಟ್ಟಿದ್ದಾರೆ!"

"ಅಯ್ಯೋ, ಒಂದೊಂದು ಕಿವಿ ಒಂದೊಂದು ಬಣ್ಣ! ಎಷ್ಟು ಮುದ್ದಾಗಿದೆ ಭಾವ!" ಎಂದು ಆಕೆ ಸೊಂಡಿಲಿನ ಕೆಳಗೇ ಓಡಿಹೋಗಿ ತಲೆಯಿಂದ ಕಾಲಿನವರೆಗೆ ತೊಯ್ದುಕೊಂಡಳು.

ದೊಡ್ಡ ಚಕ್ರದ ಮುಂದೆ ಮಾತ್ರ ತಿರುವುಮುರುವಾಯಿತು. ಹನುಮಂತನ ಬಾಲದಂಥ ಕ್ಯೂ. ನಾದಿನಿ ಗೊಣಗಿದಳು. ಸಾಹೇಬರಿಗೆ ಕ್ಯೂ ಒಂದು ಲೆಕ್ಕವೇ ಅಲ್ಲ. ವರ್ಷದ ಪಾಸು ಇತ್ತಲ್ಲ, ಜನ ಇದ್ದ ದಿನ ಆ ಚಕ್ರದ ಕಡೆ ತಿರುಗಿಯೂ ನೋಡದೆ, ಖಾಲಿಯಿದ್ದ ವಾರ ಹತ್ತುತ್ತಿದ್ದರು.

"ಬಿಡು, ಇನ್ನೊಂದು ವಾರ ಹತ್ತಿದ್ರಾಯ್ತು" ಎಂದು ಅಭ್ಯಾಸಬಲದಿಂದ ಅಂದುಬಿಟ್ಟರು.

"ಇನ್ನೊಂದು ವಾರ ನಿಮಗಿದೆ ಭಾವ. ನಾನು ಮತ್ತೆ ಯಾವಾಗ ಬರ್ತೀನೋ ಏನೋ. ನೀವು ಹೋದ ವರ್ಷ ಏನಿತ್ತು ಅಂತ ನೋಡ್ತೀರಿ, ನಾನು ಇವತ್ತು ಏನು ಸಿಕ್ತು ಅಂತ ನೋಡ್ತೀನಿ, ಅಷ್ಟೇ."

ಸಾಹೇಬರು ಹೋಗಿ ಕ್ಯೂನಲ್ಲಿ ನಿಂತರು. ಮೇಲೆ ಹೋದಾಗ ಊರೆಲ್ಲ ಕಾಣುತ್ತಿತ್ತು. ಅಲ್ಲಿಂದಲೂ ಅವರಿಗೆ ಕಂಡದ್ದು ಪುಟಾಣಿ ರೈಲಿನ ನಿಲ್ದಾಣದ ಒಡೆದ ಹೆಂಚು.

ಮನೆಗೆ ಬಂದ ತಂಗಿ ಅಕ್ಕನ ಮುಂದೆ ಕೂತು ಪಾರ್ಕನ್ನು ಹೊಗಳಿದ್ದೇ ಹೊಗಳಿದ್ದು. ಮರುದಿನ ಅವಳನ್ನು ಬಸ್ಸು ಹತ್ತಿಸಿ ಬಂದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಅಲ್ಲಾರೀ, ಅಷ್ಟು ಚೆನ್ನಾಗಿದೆಯಾ ಅದು? ಮತ್ತೆ ಇಷ್ಟು ವರ್ಷ ನೀವು ಬೈದಿದ್ದು ಯಾವ ಪಾರ್ಕನ್ನ?"

"ಅದನ್ನೇ..."

"ನಾನು ಅದ್ಯಾವುದೋ ಹಾಳುಬಿದ್ದ ಜಾಗ, ನಿಮಗೆ ಬೇರೆ ಗತಿಯಿಲ್ಲದೆ ಹೋಗ್ತೀರಿ ಅಂದ್ಕೊಂಡಿದ್ದೆ!"

"ನಿನಗೇ ಬರೋಕೆ ಇಷ್ಟ ಇರಲಿಲ್ಲ. ನಾನು ಕರೆದಿದ್ದೆನಲ್ಲ?"

"ಕರೆದ್ರಿ, ಭಾರೀ ಕರೆದ್ರಿ! 'ಬರ್ತೀಯಾ? ಬಂದ್ರೂ ಅಲ್ಲಿ ನೋಡೋ ಅಂಥದ್ದೇನೂ ಉಳಿದಿಲ್ಲ' ಅಂತ ಕರೆದ್ರೆ ಯಾರ್ರೀ ಬರ್ತಾರೆ?"

ಸಾಹೇಬರ ಕಣ್ಣು ಗೂಟಕ್ಕೆ ನೇತುಹಾಕಿದ್ದ ಆ ಟವೆಲ್ಲಿನ ಮೇಲೆ ಬಿತ್ತು. ಇಷ್ಟು ವರ್ಷ ರೈಲಿನಲ್ಲಿ ಒಬ್ಬರೇ ಕೂತದ್ದಕ್ಕೆ ತಮ್ಮ ನಾಲಿಗೆಯೇ ಕಾರಣವೇ? ಮುಂದಿನ ಭಾನುವಾರ ಹೆಂಡತಿ ಬರುತ್ತೇನೆಂದಾಗ, ಈ ಅವಕಾಶ ಕೈತಪ್ಪಿದರೆ ಮತ್ತೆ ಸಿಗದು, ಅವಳೆದುರು ಒಂದೇ ಒಂದು ತಪ್ಪನ್ನೂ ಎತ್ತಬಾರದು ಎಂದು ಗಟ್ಟಿಮನಸ್ಸು ಮಾಡಿಕೊಂಡರು.

ಗೇಟಿನವನು ಎಂದಿನಂತೆ ನಕ್ಕ. "ಏನ್ ಸಾಹೇಬ್ರೇ, ಇವತ್ತು ಮೊದಲು ಯಾರಿಗೆ ಪೂಜೆ?"

"ಯಾರಿಗೂ ಇಲ್ಲಪ್ಪ. ಎಲ್ಲ ಚೆನ್ನಾಗಿದೆ."

ಗೇಟಿನವನ ನಗು ಮಾಯವಾಯಿತು. "ಮೈಗೆ ಹುಷಾರಿಲ್ವಾ ಸಾರ್?" ಎಂದು ಹೆಂಡತಿಯ ಮುಖ ನೋಡಿದ.

ಸಾಹೇಬರು ಪಟ್ಟ ಪಾಡು ಕೇಳಬೇಡಿ. ಆನೆಯ ಎದುರು ಆಕಾಶ ನೋಡಿದರು. ದೆವ್ವ ತಡವಾಗಿ ಎದ್ದಾಗ ತುಟಿ ಕಚ್ಚಿಕೊಂಡರು. ರೈಲಿನಲ್ಲಿ, ಆಹಾ, ಪಕ್ಕದಲ್ಲಿ ಹೆಂಡತಿಯೇ ಕೂತಿದ್ದರೂ ಸೀಟಿ ಕೂಗಿದಾಗ ಮೈಯೆಲ್ಲ ಉರಿದು, ಸೀಟಿನ ಅಂಚು ಹಿಡಿದು ಕೂತರು. ಹೆಂಡತಿ ಏನು ಕೇಳಿದರೂ "ಹೂಂ", "ಚೆನ್ನಾಗಿದೆ". ಮಧ್ಯಾಹ್ನದ ಹೊತ್ತಿಗೆ ಆಕೆಯ ಮುಖ ಸಣ್ಣಗಾಯಿತು.

"ನಡೀರಿ, ಮನೆಗೆ ಹೋಗೋಣ."

"ಯಾಕೆ? ಇನ್ನೂ ಅರ್ಧ ನೋಡಿಲ್ಲ!"

"ತಂಗಿ ಜೊತೆ ದಿನವಿಡೀ ಬಾಯಿ ಮುಚ್ಚದೆ ಮಾತಾಡಿದ್ರಂತೆ. ನನ್ನ ಜೊತೆ ಬಂದ್ರೆ ಹಲ್ಲು ಕೀಳಿಸ್ಕೊಳ್ಳೋಕೆ ಕೂತವರ ಹಾಗೆ ಕೂತಿದ್ದೀರಿ. ನಾನು ಬಂದಿದ್ದು ನಿಮಗೆ ಬೇಜಾರಾದ್ರೆ ಹೇಳಿಬಿಡಿ." ಆಕೆ ಗೇಟಿನ ಕಡೆ ತಿರುಗಿದರು.

ಸಾಹೇಬರಿಗೆ ತಡೆಯಲಾಗಲಿಲ್ಲ. "ಬೇಜಾರಾ? ಅಯ್ಯೋ ಪುಣ್ಯಾತ್ಗಿತ್ತಿ! ಆ ಸೀಟಿ ಕೇಳಿದ್ಯಲ್ಲ, ಗಂಟಲು ಕೆಟ್ಟ ಕೋಳಿ ಹಾಗೆ ಕಿರಿಚ್ತು. ಮೊದಲು ಹೇಗಿತ್ತು ಗೊತ್ತಾ? ಕೇಳಿದ್ರೆ ಎಲ್ಲಿಗೋ ನಿಜವಾಗ್ಲೂ ಹೊರಟ ಹಾಗಿರ್ತಿತ್ತು. ಅದನ್ನ ನಿನಗೆ ಕೇಳಿಸೋಕಾಗಲಿಲ್ಲ ಅಂತ ನನ್ನ ಹೊಟ್ಟೆ ಉರೀತಿದೆ. ಆ ಬೆಂಚಿತ್ತಲ್ಲ, ಅಲ್ಲಿ ಕೂತ್ರೆ ಕಾರಂಜಿ ಹನಿ ಮುಖಕ್ಕೆ ಬೀಳ್ತಿತ್ತು. ನಿನ್ನ ಅಲ್ಲಿ ಕೂರಿಸ್ಬೇಕು ಅಂತ ಎಷ್ಟು ಆಸೆ ಇತ್ತು ನಂಗೆ! ಕಿತ್ತೇ ಹಾಕಿದ್ರು."

ಹೆಂಡತಿ ಕಣ್ಣೊರೆಸಿಕೊಂಡರು. "ಇದನ್ನ ಮೊದಲೇ ಹೀಗೆ ಹೇಳೋಕೇನಾಗಿತ್ತು? ಆನೆ ಕಿವಿಗೆ ಏನಾಗಿದೆ ಅಂತ ತೋರಿಸಿ ಬನ್ನಿ" ಎಂದು ತಾವೇ ಮುಂದೆ ನಡೆದರು. ಅವತ್ತು ಸಾಹೇಬರು ಸಂಜೆಯವರೆಗೆ ಬೈದರು. ಆಕೆ ನಕ್ಕೂ ನಕ್ಕೂ ಸುಸ್ತಾದರು.

ಆಮೇಲೆ ಆಕೆ ಭಾನುವಾರ ತಪ್ಪಿಸಲಿಲ್ಲ. ಒಂದು ದಿನ ತಿರುಗುವ ಕುದುರೆಗಳಿಂದ ಇಳಿದವರೇ ಹುಬ್ಬು ಗಂಟಿಕ್ಕಿದರು.

"ರೀ, ಹೋದ ವಾರ ಇದು ಇನ್ನೂ ಒಂದು ಸುತ್ತು ಜಾಸ್ತಿ ಹಾಕಿತ್ತು ಅಲ್ವಾ?"

"ಹಾಕಿತ್ತೇನೋ."

"ಹಾಕಿತ್ತೇನೋ ಅಲ್ಲ, ಹಾಕಿತ್ತು! ನನಗೆ ಗೊತ್ತಿಲ್ವಾ? ಏನಾಗ್ತಿದೆ ಕಣ್ರೀ ನಮ್ಮ ಪಾರ್ಕಿಗೆ? ಎಲ್ಲಿ ಆ ಮೋಟರ್ ನಡೆಸೋನು, ಕರೀರಿ ಅವನ್ನ!"

ನಮ್ಮ ಪಾರ್ಕು ಎಂದಿದ್ದರು ಆಕೆ. ಸಾಹೇಬರಿಗೆ ಎದೆ ತುಂಬಿ ಬಂತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ, ಜೀವಮಾನದಲ್ಲಿ ಮೊದಲ ಬಾರಿಗೆ ಪಾರ್ಕಿನ ಪರ ವಹಿಸಿದರು.

"ಹೋಗ್ಲಿ ಬಿಡೇ, ಪಾಪ. ಜನ ಜಾಸ್ತಿ ಇದ್ದಾರೆ ಇವತ್ತು."

"ನೀವು ಸುಮ್ನಿರಿ. ಹೀಗೆ ಬಿಟ್ಟೂ ಬಿಟ್ಟೂ ಇವರನ್ನ ಕೆಡಿಸಿದ್ದೇ ನೀವು" ಎಂದು ಗದರಿಸಿ, ಆಕೆ ಸೆರಗು ಸಿಕ್ಕಿಸಿಕೊಂಡು ಮೋಟರ್ ಕೋಣೆಯ ಕಡೆ ಹೊರಟರು.