ಮಾವ ಬರೆದ ಹೊಳೆಯ ಪುಟ

ಅತ್‌ಬಾಶಿ ಕಣಿವೆಯ ಆ ಊರಿಗೆ ಸೊಸೆಯಾಗಿ ಬಂದ ಬೆಗಾಯಿಮ್‌ಗೆ ಚಿಂತೆ ಮಾಡಲು ಕಾರಣವೇ ಬೇಕಿರಲಿಲ್ಲ. ಮಗಳು ಅಕಿಲಾಯ್ ಸೀನಿದರೆ ಚಿಂತೆ. ಸೀನದೆ ತೆಪ್ಪಗೆ ಮಲಗಿದರೆ ಇನ್ನೂ ಹೆಚ್ಚು ಚಿಂತೆ. ರಾಜಧಾನಿ ಬಿಷ್ಕೆಕ್‌ನಲ್ಲಿ ಓದಿ, ಅಲ್ಲೇ ಎರಡು ವರ್ಷ ಪ್ರೋಗ್ರಾಂ ಬರೆದು ಬಂದವಳು. ಗಂಡ ಗಡಿ ಚೌಕಿಯಲ್ಲಿದ್ದ. ಮಗು ಮಲಗಿದಾಗ ಸಿಗುವ ಮುಕ್ಕಾಲು ಗಂಟೆಗಳನ್ನು ಕೂಡಿಸಿ ಕೂಡಿಸಿ ಊರಿಗೊಂದು ವಿಕಿ ಕಟ್ಟಿದಳು: ಯಾರು ಬೇಕಾದರೂ ಓದುವ, ಯಾರು ಬೇಕಾದರೂ ತಿದ್ದುವ ಪುಟಗಳು. ಬ್ರೆಡ್ಡಿನ ಕಪಾಟಿನ ಮೇಲಿದ್ದ ಹಳೆಯ ಲ್ಯಾಪ್‌ಟಾಪೇ ಅದರ ಮನೆ. ಹೊರಗಿನ ಇಂಟರ್ನೆಟ್ ಸತ್ತರೂ ಊರಿನ ವೈಫೈ ಇದ್ದರೆ ಸಾಕು, ಗಾಜು ಒಡೆದ ಫೋನಿನಲ್ಲೂ ಥಟ್ಟನೆ ತೆರೆಯುತ್ತಿತ್ತು. ತುಂಡು ಬಟ್ಟೆ ಸೇರಿಸಿ ಹೊಲಿಯುವ ಕೌದಿಗೆ ಅಲ್ಲಿ ಕುರಾಕ್ ಎನ್ನುತ್ತಾರೆ. ಅದೇ ಹೆಸರಿಟ್ಟು, ಬೇಕಾದವರು ಒಯ್ದು ಬಳಸಲಿ, ಬದಲಿಸಲಿ ಎಂದು ಪ್ರೋಗ್ರಾಂನ ಮೂಲವನ್ನೆಲ್ಲ ಇಂಟರ್ನೆಟ್‌ನಲ್ಲಿ ಬಿಚ್ಚಿಟ್ಟಿದ್ದಳು.

ಊರವರು ಖುಷಿಯಿಂದ ಬರೆದರು. ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಲೇ ಇಲ್ಲ. ಯಾಕೆಂದು ತಿಳಿದದ್ದು ಗಂಡನ ಅಕ್ಕ ಅಸಿಲ್‌ಕಾನ್ ಬೋರ್ಸೋಕ್ ಎಂಬ ಹಿಟ್ಟಿನ ತುಣುಕು ಕರಿಯಲು ಬಂದ ಬುಧವಾರ.

"ಅಪ್ಪ ಬರೆದ ಹೊಳೆಯ ಪುಟ ನೋಡಿದೆ. ಬಿಳಿ ಬಂಡೆ ಹತ್ತಿರ ದಾಟಿ ಅಂತಿದೆ. ಅಲ್ಲಿ ಈ ಸಲ ಹೊಳೆ ದಂಡೆಯನ್ನೇ ತಿಂದುಹಾಕಿದೆ ಕಣೇ," ಎಂದು ಅವಳು ನಕ್ಕಳು.

ಬೆಗಾಯಿಮ್ ಹಿಟ್ಟು ನಾದುವುದನ್ನು ಬಿಟ್ಟಳು. "ತಿದ್ದಬಾರದಿತ್ತಾ ಎಜೆ?" ಅಕ್ಕನಿಗೆ ಅಲ್ಲಿ ಎಜೆ ಎನ್ನುತ್ತಾರೆ.

"ನಾನಾ? ಅಪ್ಪನ ಮಾತನ್ನಾ? ಚೆನ್ನಾಗಿ ಹೇಳಿದೆ! ನನ್ನ ಲಾರಿಯವನಿಗೆ ಬಾಯಲ್ಲಿ ಹೇಳ್ತೀನಿ ಬಿಡು."

"ಉಳಿದ ಆರು ಲಾರಿ?"

ಅಸಿಲ್‌ಕಾನ್‌ಳ ನಗು ಅಲ್ಲಿಗೇ ನಿಂತಿತು. ಶನಿವಾರ ಊರಿಗೆ ಊರೇ ಮೇಲಿನ ಹುಲ್ಲುಗಾವಲಿಗೆ ಹೊರಡುವುದಿತ್ತು. ಕುರಿ, ಡೇರೆ, ಮಕ್ಕಳು ಎಲ್ಲ. ಈ ವರ್ಷ ನಾರಿನ್ ಪಟ್ಟಣದ ಬಾಡಿಗೆ ಲಾರಿಗಳು ಬೇರೆ. ಹೊರಗಿನ ಆ ಚಾಲಕರಿಗೆ ದಾರಿ ಎಂದರೆ ಆ ಪುಟವೇ.

ಬೆಗಾಯಿಮ್ ಆ ಪುಟದ ಲೆಕ್ಕ ತೆಗೆದು ನೋಡಿದಳು. ಹನ್ನೊಂದು ಮಂದಿ ತಿದ್ದುವ ಗುಂಡಿ ಒತ್ತಿದ್ದರು. ಹನ್ನೊಂದೂ ಮಂದಿ ಒಂದಕ್ಷರ ಮುಟ್ಟದೆ ಪುಟ ಮುಚ್ಚಿ ಹೋಗಿದ್ದರು. ಮಾವ ತುರ್ಗುನ್‌ಬಾಯ್ ನಲವತ್ತು ವರ್ಷ ಲಾರಿ ಓಡಿಸಿದವರು. ಮಂಡಿನೋವಿನಿಂದ ಈ ವಸಂತದಲ್ಲಿ ಹೊಳೆಯ ಕಡೆ ತಲೆಹಾಕಿರಲಿಲ್ಲ, ಅಷ್ಟೇ. ಅವರು ಬರೆದದ್ದನ್ನು ಅಳಿಸುವವರು ಯಾರು?

ಮಾವನಿಗೆ ಚಹಾ ಕೊಡುವಾಗ ಧೈರ್ಯ ಮಾಡಿದಳು. ಅವರನ್ನು ಊರೇ ಅತಾ, ಎಂದರೆ ಅಪ್ಪ, ಎಂದು ಕರೆಯುತ್ತಿತ್ತು. "ಅತಾ, ಹೊಳೆ..."

"ಹೊಳೆಗೇನಾಯ್ತು?"

"ನೀರು ಜಾಸ್ತಿ ಅಂತೆ."

"ಜೂನ್‌ನಲ್ಲಿ ನೀರು ಹರಿಯದೆ ಹಾಲು ಹರಿಯುತ್ತಾ, ಮಗಳೇ?"

ಅಲ್ಲಿಗೆ ಸೊಸೆಯ ಧೈರ್ಯವೆಲ್ಲ ಖರ್ಚಾಯಿತು. ಮುಳುಗಿದ ಲಾರಿ, ತೇಲಿಹೋದ ತೊಟ್ಟಿಲು ಎಲ್ಲ ಕಣ್ಣಮುಂದೆ ಬಂದವು. ಜನರನ್ನು ಬದಲಿಸಲು ಎರಡು ದಿನ ಸಾಲದು, ಪ್ರೋಗ್ರಾಂ ಬದಲಿಸಲು ಸಾಕು ಎಂದು ಗುರುವಾರ ಬೆಳಿಗ್ಗೆ ಕೂತಳು. ಮಗು ಅರ್ಧಕ್ಕೇ ಎದ್ದಿತು. ತೊಡೆಯ ಮೇಲೆ ಕೂರಿಸಿಕೊಂಡಳು. ಅದು ಎರಡು ಸಲ ಕೀಲಿಮಣೆಗೆ ಬಡಿದು ಕೆಲಸ ಅಳಿಸಿತು. ಮೂರನೆಯ ಸಲಕ್ಕೆ ಹೊಸ ಗುಂಡಿ ಸಿದ್ಧವಾಯಿತು: 'ಜೊತೆಗೊಂದು ಮಾತು'. ಒತ್ತಿ ಬರೆದರೆ ಹಿರಿಯರ ಅಕ್ಷರ ಅಲುಗುವುದಿಲ್ಲ. ಅದರ ನೆತ್ತಿಯ ಮೇಲೆ ಹಳದಿ ಪಟ್ಟಿಯಲ್ಲಿ ಮಾತು ಕೂರುತ್ತದೆ. ಪುಟವನ್ನು ಬದಲಿಸುವ ಗೌರವ ಬರೆದವರಿಗೇ.

ಸಂಜೆಯೊಳಗೆ ಹೊಳೆಯ ಪುಟದ ಮೇಲೆ ಹದಿನಾಲ್ಕು ಪಟ್ಟಿಗಳು! ಒಂದಕ್ಕಿಂತ ಒಂದು ವಿನಯ. 'ಅತಾ, ನೀವು ಹೇಳಿದ್ದೇ ಸರಿ, ಹೊಳೆಯೇ ದಾರಿ ತಪ್ಪಿದೆ' ಎಂದು ಒಬ್ಬರು ಬರೆದಿದ್ದರು.

ತುರ್ಗುನ್‌ಬಾಯ್ ಫೋನನ್ನು ತೋಳುದ್ದ ಹಿಡಿದು ಓದಿದರು. ಬೆಗಾಯಿಮ್ ಮಗುವಿನ ಹಿಂದೆ ಮುಖ ಮರೆಸಿಕೊಂಡಳು.

"ಇಷ್ಟು ಜನಕ್ಕೆ ಗೊತ್ತಿತ್ತಾ? ಎಲ್ಲ ಬಾಯಿಗೆ ಬೋರ್ಸೋಕ್ ತುರುಕಿಕೊಂಡು ಕೂತಿದ್ದರಾ?" ಎಂದು ಗುಡುಗಿ, ಮಗಳು ಅಸಿಲ್‌ಕಾನ್ ಕಡೆ ತಿರುಗಿದರು. "ನಿನಗೂ ಗೊತ್ತಿತ್ತಾ?"

"ನನ್ನ ಪಟ್ಟಿ ಆರನೇದು, ಅಪ್ಪ," ಎಂದಳು ಅಸಿಲ್‌ಕಾನ್, ನೆಲ ನೋಡುತ್ತ.

ಶುಕ್ರವಾರ ಮಾವ ಕುದುರೆ ಏರಿ ಹೋಗಿ, ತೊಡೆಯವರೆಗೆ ಒದ್ದೆಯಾಗಿ ಬಂದರು. ಚಹಾ ಕೂಡ ಮುಟ್ಟದೆ, ಒಂದೇ ಬೆರಳಲ್ಲಿ ಕುಟ್ಟಿದರು: 'ಬಿಳಿ ಬಂಡೆ ಬೇಡ. ಕುದುರೆಯ ಹೊಟ್ಟೆ ಮುಳುಗುತ್ತದೆ. ಮೇಲೆ ಮೂರು ಮರಗಳ ಬಳಿ ಹೊಳೆ ಅಗಲ, ಆಳ ಕಡಿಮೆ, ಅಲ್ಲಿ ದಾಟಿ. ನಾನೇ ನೋಡಿ ಬಂದೆ.'

ಶನಿವಾರ ಮಧ್ಯಾಹ್ನ ಏಳೂ ಲಾರಿ ದಾಟಿದವೆಂದು ಸುದ್ದಿ ಬಂದಾಗ, ಮಗು ಮತ್ತು ಮಾವನೊಂದಿಗೆ ಮನೆಯಲ್ಲೇ ಉಳಿದಿದ್ದ ಬೆಗಾಯಿಮ್ ಮೂರು ದಿನದಲ್ಲಿ ಮೊದಲ ಬಾರಿಗೆ ಹೊಟ್ಟೆತುಂಬ ಉಂಡಳು. ಹೊಸ ಗುಂಡಿಯನ್ನು ಮೂಲಕ್ಕೆ ಸೇರಿಸಿದ್ದೇ ತಡ, ದೂರದ ಖೋರೋಗ್ ಪಟ್ಟಣದ ಮೇಷ್ಟ್ರೊಬ್ಬರು ಬರೆದರು: 'ನಮ್ಮಲ್ಲೂ ಹಿರಿಯರಿದ್ದಾರೆ. ಇದನ್ನು ಒಯ್ಯುತ್ತಿದ್ದೇನೆ.'

ಅವಳು ಉತ್ತರಿಸುತ್ತಿದ್ದಾಗ ಮಾವ ಪಕ್ಕದಲ್ಲಿ ಕೆಮ್ಮಿದರು.

"ಮಗಳೇ, ನನ್ನ ಬೇರೆ ಪುಟಗಳ ಮೇಲೂ ಈ ಹಳದಿ ಬಂದಿದೆಯಾ?"

"ಬಂದಿದೆ, ಅತಾ. ಹಲ್ಲು ನೋಡಿ ಕುದುರೆಯ ವಯಸ್ಸು ಹೇಳೋ ಪುಟದ ಮೇಲೆ ಒಂಬತ್ತು."

"ಕುದುರೆ ವಿಷಯದಲ್ಲಿ ನನಗಾ? ಒಂಬತ್ತಾ?" ಅವರು ಮಗುವನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಕನ್ನಡಕ ಏರಿಸಿದರು. "ಓದು. ಮೆಲ್ಲಗೆ ಓದು. ಯಾರು ಬರೆದದ್ದು ಅಂತಲೂ ಹೇಳು."