ಕುಂಕುಮ ಇಟ್ಟ ಸ್ವರ

ಮೊನ್ನೆ ಇಲ್ಲಿ, ಕೊಲ್ಲಿ ನಾಡಿನ ರುಮೈಥಿಯಾದ ನಮ್ಮ ಮನೆಯಲ್ಲಿ ಪಿಯಾನೋ ಸ್ಟೂಲಿನ ಮುಚ್ಚಳ ತೆಗೆದೆ ನೋಡಿ, ಗಮ್ಮೆಂದು ದೇವರ ಮನೆಯ ವಾಸನೆ. ಒಳಗಿದ್ದ, ಲಂಡನ್ನಿನಲ್ಲಿ ಅಚ್ಚಾದ ಸಂಗೀತದ ಪುಸ್ತಕಕ್ಕೆ ಕರ್ಪೂರದ ವಾಸನೆ ಎಲ್ಲಿಂದ ಬರಬೇಕು ಎನ್ನುತ್ತೀರಾ? ನಮ್ಮ ಅತ್ತೆಯಿಂದ.

ಮಗಳ ಪಿಯಾನೋ ಪರೀಕ್ಷೆಗೆಂದು ಇಲ್ಲಿನ ಮಿರ್ಕಾಬ್ ಪೇಟೆಯ ಅಂಗಡಿಯಿಂದ ಆ ಪುಸ್ತಕ ತಂದ ವರ್ಷ ಅತ್ತೆ ಮೈಸೂರಿನಿಂದ ಬಂದಿದ್ದರು. "ಪುಸ್ತಕ ನೋಡ್ಕೊಂಡು ಬಾರಿಸೋದೂ ಒಂದು ಸಂಗೀತವೇನೆ?" ಎಂದು ಅವರ ತಾತ್ಸಾರ. ನನ್ನ ಗಂಡನೋ, ಔಷಧದ ಡಬ್ಬಿಯ ಮೇಲಿರುವುದನ್ನೂ ಬಿಡದೆ ಓದುವ ಮನುಷ್ಯ. ಪುಸ್ತಕದ ಕೊನೆಯಲ್ಲಿದ್ದ ಪ್ರಕಾಶಕರ ಚರಿತ್ರೆಯನ್ನು ಊಟದ ಹೊತ್ತಿಗೆ ಶುರುಮಾಡಿದರು. ಕೊಳಲು ಮಾರುತ್ತಿದ್ದವನೊಬ್ಬ ಅಂಗಡಿಯ ಹಿಂದೆಯೇ ಸಂಗೀತ ಅಚ್ಚು ಹಾಕಲು ಹೊರಟನಂತೆ. ಒಂದೊಂದು ಸ್ವರವನ್ನೂ ಲೋಹದ ತಗಡಿನ ಮೇಲೆ, ಅದೂ ತಿರುವುಮುರುವಾಗಿ, ಸುತ್ತಿಗೆಯಿಂದ ಕುಟ್ಟಬೇಕಂತೆ. ತಪ್ಪಿದರೆ ತಗಡು ಮಗುಚಿ ಹಿಂದಿನಿಂದ ಕುಟ್ಟಿ ಸಮ ಮಾಡುವುದಂತೆ. ಆಮೇಲೆ ಮಕ್ಕಳು, ಪಾಲುದಾರರು, ಜಗಳ, ಮಾರಾಟ; ಹೆಸರು ಮಾತ್ರ ಹಳೆಯದೇ. ನನಗೆ ಆಕಳಿಕೆ ಬಂತು. ಅತ್ತೆಗೆ ಕಣ್ಣು ತುಂಬಿತು.

"ಅಯ್ಯೋ, ಅಷ್ಟು ಕಷ್ಟಪಟ್ಟು ಕುಟ್ಟಿದಾರಾ? ಹಾಗಾದ್ರೆ ಇದೂ ವಿದ್ಯೇನೇ ಕಣೇ. ಸರಸ್ವತಿ ಪೂಜೆಗೆ ಇಡು."

ಇಟ್ಟೆವು. ಅತ್ತೆ ಪುಟ ಬಿಡಿಸಿ ಭಕ್ತಿಯಿಂದ ಕುಂಕುಮದ ಬೊಟ್ಟಿಟ್ಟರು, ಸರಿಯಾಗಿ ಸ್ವರದ ಗೆರೆಗಳ ಮಧ್ಯೆ! ಗೆರೆಗಳ ಮೇಲೆ, ನಡುವೆ ಇರುವ ಚುಕ್ಕಿಗಳೇ ಅಲ್ಲಿ ಸ್ವರ; ಮಗಳು ಅದನ್ನೂ ಸ್ವರವೆಂದೇ ನುಡಿಸಿ ಅಭ್ಯಾಸ ಮಾಡಿಕೊಂಡಳು, ಉಳಿದವಕ್ಕಿಂತ ಜೋರಾಗಿ. ಪರೀಕ್ಷೆ ಹತ್ತಿರ ಬಂದಾಗ ಕೇಳಿದ ಟೀಚರು ಹೌಹಾರಿ, ಇದನ್ನು ಬಿಡದಿದ್ದರೆ ಫೇಲು ಎಂದುಬಿಟ್ಟರು. ಮಗಳನ್ನು ವಿಚಾರಿಸಿದರೆ, "ರೆಡ್ ಮೀನ್ಸ್ ಇಂಪಾರ್ಟೆಂಟ್, ಅಮ್ಮಾ!"

ತಗಡಾದರೆ ಮಗುಚಿ ಕುಟ್ಟಬಹುದು. ಕಿವಿಯಲ್ಲಿ ಕೂತದ್ದನ್ನು ಏನು ಮಾಡುವುದು? ಅತ್ತೆ ಊಟ ಬಿಟ್ಟರು. "ನನ್ನಿಂದ ಮಗು ಫೇಲಾಗ್ಬೇಕಾ?" ಮರುದಿನದಿಂದ ಪಿಯಾನೋ ಪಕ್ಕವೇ ಕೂತು, ತೊಡೆಯ ಮೇಲೆ ತಾಳ ಹಾಕುತ್ತ, ಆ ಜಾಗ ಬಂದೊಡನೆ ಇಲ್ಲಿ ಕಲಿತ ಒಂದೇ ಅರಬ್ಬಿ ಮಾತಿನಲ್ಲಿ ಗದರುತ್ತಿದ್ದರು: "ಯಲ್ಲಾ, ಯಲ್ಲಾ, ಮುಂದೆ ಹೋಗೇ!" ಮಗಳು ಪಾಸಾದಳು. ನನಗೆ ಅತ್ತೆಯ ಮೇಲೆ ಪ್ರೀತಿ ಉಕ್ಕಿದ್ದು ಆಗಲೇ, ಸುಳ್ಳೇಕೆ ಹೇಳಲಿ.

ಪುಸ್ತಕ ಸಿಕ್ಕ ಖುಷಿಗೆ ಮೊನ್ನೆ ಮೈಸೂರಿಗೆ ವಿಡಿಯೋ ಕಾಲ್ ಮಾಡಿ, ಮಗಳ ಕೈಲಿ ಆ ಕುಂಕುಮದ ಪುಟವನ್ನೇ ನುಡಿಸಿದೆ. ಒಂದು ತಪ್ಪಿಲ್ಲ. ಅತ್ತೆಯ ಮುಖ ಮಾತ್ರ ಸಪ್ಪಗಾಯಿತು.

"ಚೆನ್ನಾಗಿದೆ. ನಂದೆಲ್ಲೇ?"

"ಅಜ್ಜೀ, ದಟ್ಸ್ ರಾಂಗ್!"

"ಪರೀಕ್ಷೆ ಮುಗೀತಲ್ಲ ಪುಟ್ಟಿ. ಇನ್ನಾದ್ರೂ ಹಾಕು."

ಮಗಳು ನಗುತ್ತ ಮೊದಲಿನಿಂದ ಶುರುಮಾಡಿದಳು. ಆ ಜಾಗ ಹತ್ತಿರ ಬಂದಾಗ ಅಲ್ಲಿ ಅತ್ತೆ, ಇಲ್ಲಿ ನಾನು, ಉಸಿರು ಬಿಗಿಹಿಡಿದು ಕೂತೆವು. ಅವಳು ಬೇಕೆಂದೇ ಎರಡು ಸಲ ಬಾರಿಸಿದಳು.