ವಾಲ್ವಕ್ಕ ಕೂರಿಸಿದ ಎಂಬತ್ತೆಂಟು ಸೀಟು

ಬೆಳಗಿನ ಐದೂಕಾಲು. ಶೆಡ್ಡಿನ ತಗಡಿನ ಬಾಗಿಲು ಅರ್ಧ ಮಾತ್ರ ಎತ್ತಿದೆ. ಒಳಗೆ, ಮುಚ್ಚಿಹೋದ ಬೇಕರಿಯೊಂದರಿಂದ ತಂದ ಓವನ್ನಿನಲ್ಲಿ ಕಾಯುತ್ತಿರುವುದು ಬ್ರೆಡ್ಡಲ್ಲ, ಕಾರಿನ ಎಂಜಿನ್ನಿನ ಮೇಲ್ಭಾಗ. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ‘ಹೆಡ್’. ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಗಡಿಯಾರ ನೋಡಿ, ಪಕ್ಕದಲ್ಲೇ ಇರುವ ತಮ್ಮ ಅಡುಗೆಮನೆಗೆ ಹೋಗಿ, ಫ್ರಿಜ್ಜಿನ ಮೇಲಿನ ಖಾನೆಯಿಂದ ಒಂದು ಟಿಫಿನ್ ಡಬ್ಬಿ ತೆಗೆದುಕೊಂಡು ಓಡೋಡಿ ಬರುತ್ತಾರೆ. ರಾತ್ರಿಯೆಲ್ಲ ಐಸ್ ತಟ್ಟೆಯ ಪಕ್ಕ ಮಲಗಿದ್ದ ಆ ಡಬ್ಬಿಯಲ್ಲಿ ನಾಲ್ಕು ಉಕ್ಕಿನ ಉಂಗುರಗಳಿವೆ.

“ದೂರ ನಿಂತ್ಕೊಳ್ಳಿ. ಈಗ ನನ್ನನ್ನ ಮಾತಾಡಿಸ್ಬೇಡಿ,” ಎಂದು ಅವರ ಬಗ್ಗೆ ಬರೆಯಲು ಬಂದ ನನಗೊಂದು ಗದರಿಕೆ ಬೀಳುತ್ತದೆ.

ದಪ್ಪ ಕೈಗವಸು ತೊಟ್ಟು ಹೆಡ್ಡನ್ನು ಮೇಜಿಗೆ ತರುತ್ತಾರೆ. ಇಕ್ಕಳದಲ್ಲಿ ಒಂದು ಉಂಗುರ ಹಿಡಿದು, ಕೊರೆದಿಟ್ಟ ಗುಂಡಿಯ ಮೇಲೆ ನೇರವಾಗಿ ಬಿಡುತ್ತಾರೆ. ‘ಟಕ್’. ಕಾದ ಗುಂಡಿ ಹಿಗ್ಗಿದೆ, ತಣ್ಣಗಿನ ಉಂಗುರ ಕುಗ್ಗಿದೆ, ಆ ಎರಡೂ ಮತ್ತೆ ಒಂದೇ ಹದಕ್ಕೆ ಬರುವುದರೊಳಗೆ ಕೆಲಸ ಮುಗಿಯಬೇಕು. ನಾಲ್ಕು ಎಣಿಸುವಷ್ಟು ತಡವಾದರೂ ಉಂಗುರ ಅರ್ಧದಲ್ಲೇ ಕಚ್ಚಿಕೊಂಡು ಕೂರುತ್ತದೆ, ಹೆಡ್ಡು ಗುಜರಿಗೆ ಹೋಗುತ್ತದೆ. ನಾಲ್ಕನೆಯದು ಕೂತ ಮೇಲೆ ಅವರು ಉಸಿರು ಬಿಟ್ಟು ನನ್ನತ್ತ ತಿರುಗುತ್ತಾರೆ. “ಹೂಂ, ಈಗ ಕೇಳಿ ಅದೇನು ಕೇಳ್ತೀರೋ. ಇದು ಎಂಬತ್ತೆಂಟನೇದು. ಕೊನೇದು.”

ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಇವರನ್ನು ಎಲ್ಲರೂ ಕರೆಯುವುದು ವಾಲ್ವಕ್ಕ ಎಂದು. ಎಂಜಿನ್ನಿನಿಂದ ಹೊಗೆಯನ್ನು ಹೊರಬಿಡುವ ಮುಚ್ಚಳವೇ ವಾಲ್ವು. ಅದು ನಿಮಿಷಕ್ಕೆ ಸಾವಿರಾರು ಸಲ ಬಂದು ಬಡಿದು ಕೂರುವ ಉಂಗುರವೇ ಸೀಟು. ಬಾನೆಟ್ ಎತ್ತಿದರೆ ಎಲ್ಲಿ ಏನಿದೆ ಎಂದು ತಿಳಿಯದ ನನ್ನಂಥವನಿಗೂ ಅರ್ಥವಾಗುವಂತೆ ಅವರೇ ಇದನ್ನು ಬಿಡಿಸಿ ಹೇಳಿದ್ದು.

ಈ ಟ್ರ್ಯಾಕಿನಲ್ಲಿ ಕಾರು ಓಡಿಸುವವರು ಹೆಸರುವಾಸಿಗಳಲ್ಲ. ವಾರವಿಡೀ ಪತ್ರ ಹಂಚುವವರು, ಪಾಠ ಹೇಳುವವರು, ಅಂಗಡಿ ನೋಡಿಕೊಳ್ಳುವವರು ಭಾನುವಾರ ಬಂತೆಂದರೆ ಹೆಲ್ಮೆಟ್ ಹಾಕಿಕೊಂಡು ಬರುತ್ತಾರೆ. ಅವರ ಕಾರುಗಳಿಗೆ ನಲವತ್ತು, ಐವತ್ತು ವರ್ಷ. ರಸ್ತೆಯ ಬಂಕುಗಳಲ್ಲಿ ಸೀಸ ಬೆರೆಸಿದ ಪೆಟ್ರೋಲು ನಿಂತು ಬಹಳ ಕಾಲವಾಗಿದ್ದರೂ, ರೇಸಿಗೆ ಮಾತ್ರ ಡ್ರಮ್ಮಿನಲ್ಲಿ ತರಿಸಲು ವಿನಾಯಿತಿ ಇತ್ತು. ಕಳೆದ ವರ್ಷ ಸರ್ಕಾರ ಅದನ್ನೂ ತೆಗೆದುಹಾಕಿತು. ಹಳೆಯ ಎಂಜಿನ್ನುಗಳಲ್ಲಿ ವಾಲ್ವಿಗೂ ಸೀಟಿಗೂ ನಡುವೆ ಮೆತ್ತೆಯಂತಿದ್ದದ್ದು ಈ ಸೀಸವೇ. ಅದಿಲ್ಲದಿದ್ದರೆ ಮೆದು ಕಬ್ಬಿಣದ ಸೀಟು ಏಟು ತಿಂದು ತಿಂದು ಸವೆಯುತ್ತದೆ, ವಾಲ್ವು ಒಳಗೆ ಇಳಿಯುತ್ತದೆ, ಎಂಜಿನ್ನು ಕೈಕೊಡುತ್ತದೆ.

ಸುದ್ದಿ ಬಂದ ಸಂಜೆ ಕ್ಲಬ್ಬಿನ ಸಭೆಯಲ್ಲಿ ಗಲಾಟೆಯೋ ಗಲಾಟೆ. ಸರ್ಕಾರಕ್ಕೆ ಮನವಿ ಕೊಡೋಣ ಎಂದವರೇ ಹೆಚ್ಚು. ಆಗ ಹಿಂದಿನ ಬೆಂಚಿನಿಂದ ವಾಲ್ವಕ್ಕ ಎದ್ದು, ಚೀಲದಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಒಂದು ಅವರ ರಕ್ತ ಪರೀಕ್ಷೆಯದು, ಇನ್ನೊಂದು ಮಗಳದು. ಎರಡು ವರ್ಷದಿಂದ ಬಿಡದ ಹೊಟ್ಟೆನೋವು, ಬೆರಳಿನ ಜೋಮಿಗೆಂದು ಆಸ್ಪತ್ರೆಗೆ ಹೋದಾಗ ಡಾಕ್ಟರು ಮೊದಲು ಕೇಳಿದ್ದೇ ಏನು ಕೆಲಸ ಮಾಡ್ತೀರಮ್ಮಾ ಎಂದಂತೆ.

“ಮೂವತ್ತು ವರ್ಷ ಅದೇ ಪೆಟ್ರೋಲಲ್ಲಿ ಬರಿಗೈಲಿ ಸಾಮಾನು ತೊಳೆದೆ. ನನ್ನದು ಹೋಗ್ಲಿ ಬಿಡಿ. ಮಗಳು ಕೈಗೂಸಾಗಿದ್ದಾಗ ಶೆಡ್ಡಲ್ಲೇ ಮಲಗಿಸ್ಕೊಳ್ತಿದ್ದೆ. ಅತ್ರೆ ಕೈ ಒರೆಸ್ಕೊಂಡು ಎತ್ಕೊಳ್ತಿದ್ದೆ. ಒರೆಸ್ಕೊಳ್ತಿದ್ದದ್ದೂ ಅದ್ರಲ್ಲೇ,” ಎನ್ನುವಾಗ ಅವರ ದನಿ ಇಳಿಯುತ್ತದೆ. “ಅವಳ ರಕ್ತದಲ್ಲಿ ಸೀಸ ಕಮ್ಮಿ ಇತ್ತು. ಆದ್ರೆ ಇತ್ತು.”

ಅಂದು ಸಭೆಯಲ್ಲಿ ಅವರು ಆಡಿದ್ದು ಎರಡೇ ಮಾತು: ಆ ಡ್ರಮ್ಮು ವಾಪಸ್ ತರಬೇಡಿ, ಗಾಡಿ ಓಡೋ ಹಾಗೆ ಮಾಡೋದು ನನ್ನ ಜವಾಬ್ದಾರಿ. ಮನವಿಯ ಕಾಗದ ಅಲ್ಲೇ ಉಳಿಯಿತು. ಆದರೆ ಮೇಲಿನ ರೇಸ್ ಸಂಘದವರು ಷರತ್ತು ಹಾಕಿದರು. ಇರುವ ಹಳೆಯ ಕಾರುಗಳು ಇಪ್ಪತ್ಮೂರು. ಎರಡು ಗಂಟೆಯ ಒಂದು ರೇಸ್ ನಡೆಯಲಿ. ಮುಗಿದ ಮೇಲೆ ಎರಡಕ್ಕಿಂತ ಹೆಚ್ಚು ಎಂಜಿನ್ನುಗಳಲ್ಲಿ ವಾಲ್ವು ಇಳಿದಿದ್ದರೆ ಹಳೆಯ ಕಾರುಗಳ ವಿಭಾಗಕ್ಕೇ ಬೀಗ.

ಒಂದು ಹೆಡ್ಡಿನಲ್ಲಿ ಗಟ್ಟಿ ಉಕ್ಕಿನ ನಾಲ್ಕು ಸೀಟು. ಹಳೆಯದನ್ನು ಕೊರೆದು ತೆಗೆಯಲು ಒಂದು ದಿನ, ಹೊಸದನ್ನು ಕೂರಿಸಿ, ವಾಲ್ವು ಬಿಗಿಯಾಗಿ ಕೂರುವಂತೆ ಅದರ ಅಂಚನ್ನು ಓರೆಯಾಗಿ ಕಡಿಯಲು ಇನ್ನೊಂದು. ನಡುವೆ ಲಾರಿಯವರ, ಪಂಪ್‌ಸೆಟ್ಟಿನವರ ಕೆಲಸ ಇದ್ದೇ ಇದೆ. ಆರು ತಿಂಗಳಲ್ಲಿ ಇಪ್ಪತ್ತೆರಡು ಹೆಡ್ಡು. ನಸುಕಿನಲ್ಲೇ ಯಾಕೆ ಎಂದರೆ, “ಆ ಹೊತ್ತಿಗೆ ಫೋನ್ ಬರಲ್ಲ,” ಎಂಬ ಸರಳ ಉತ್ತರ. ಈ ಕೈಚಳಕ ತಂದೆಯಿಂದ ಬಂದದ್ದು. ತಂದೆಯ ಕಣ್ಣು ಮಂಜಾದಾಗ ಅಳತೆ ಓದಿ ಹೇಳಲು ಹತ್ತೊಂಬತ್ತರ ವಾಲ್ವಕ್ಕ ಲೇತ್ ಯಂತ್ರದ ಮುಂದೆ ನಿಂತರು. “ಎರಡೇ ದಿನ ನಿಂತ್ಕೋ ಅಂದಿದ್ರು ಅಪ್ಪ. ಮೂವತ್ತೈದು ವರ್ಷ ಆಯ್ತು, ಇನ್ನೂ ಆ ಎರಡು ದಿನ ಮುಗ್ದಿಲ್ಲ.”

ಇಪ್ಪತ್ಮೂರನೆಯ ಕಾರು ಎಲ್ಲಿ ಹೋಯಿತು? ಅದು ಕ್ಲಬ್ಬಿನ ಕಾರ್ಯದರ್ಶಿಗಳದು. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಟ್ಯಾಂಕಿಗೆ ಒಂದು ಬಾಟಲಿ ದ್ರಾವಣ ಸುರಿದರೆ ಸೀಸದ ಕೆಲಸ ಅದೇ ಮಾಡುತ್ತದೆಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ಎಲ್ಲರೂ ಹೆಡ್ಡು ಬಿಚ್ಚಿ ಕೊಟ್ಟರೂ ಅವರು ಜಪ್ಪಯ್ಯ ಎಂದರೂ ಕೊಡಲಿಲ್ಲ.

ಎಲ್ಲವೂ ಸಲೀಸಾಗಿ ನಡೆಯಿತು ಎಂದು ಬರೆದರೆ ವಾಲ್ವಕ್ಕ ನನ್ನನ್ನು ಬಿಡುವುದಿಲ್ಲ. “ನನ್ನ ತಪ್ಪನ್ನೂ ಬರೀರಿ. ಇಲ್ದಿದ್ರೆ ಏನೂ ಬರೀಬೇಡಿ,” ಎಂದು ಮೊದಲೇ ತಾಕೀತು ಮಾಡಿದ್ದಾರೆ. ಹಾಗಾಗಿ ಕೇಳಿ. ಎಂಜಿನ್ನಿಗೆ ಪೆಟ್ರೋಲು ಹದವಾಗಿ ಸಿಗುತ್ತಿದೆಯೋ ಇಲ್ಲವೋ ಎಂದು ಹಳಬರು ನೋಡುವುದು ಸ್ಪಾರ್ಕ್ ಪ್ಲಗ್ಗಿನ ತುದಿಯ ಬಣ್ಣದಿಂದ. ಕಂದು ಬಣ್ಣವಿದ್ದರೆ ಸರಿ, ಬೆಳ್ಳಗಿದ್ದರೆ ಪೆಟ್ರೋಲು ಸಾಲದು. ಹೊಸ ಪೆಟ್ರೋಲಿನ ಮೊದಲ ಪ್ರಯೋಗದ ದಿನ ಏಳು ಕಾರಿನ ಪ್ಲಗ್ಗೂ ಬಿಳುಚಿಕೊಂಡಿದ್ದವು. ವಾಲ್ವಕ್ಕ ಹಿಂದುಮುಂದು ನೋಡದೆ ಏಳಕ್ಕೂ ಪೆಟ್ರೋಲು ಹೆಚ್ಚಿಸಿದರು. ಕಾರುಗಳು ಕರಿ ಹೊಗೆ ಕಾರುತ್ತ ತೆವಳಿದವು. ಪತ್ರ ಹಂಚುವ ಅಂಚೆಯವರೊಬ್ಬರ ಕಾರಿನಲ್ಲಂತೂ ಹೆಚ್ಚಾದ ಪೆಟ್ರೋಲು ಸಿಲಿಂಡರಿನ ಎಣ್ಣೆಯನ್ನೆಲ್ಲ ತೊಳೆದು ಗೋಡೆಯೇ ಗೀಚಿಹೋಯಿತು.

“ಆ ಕಂದು ಬಣ್ಣ ಕೊಡ್ತಿದ್ದದ್ದೇ ಸೀಸ. ಸೀಸ ಹೋದ್ಮೇಲೆ ಬಣ್ಣ ಎಲ್ಲಿಂದ ಬರ್ಬೇಕು? ನನ್ನ ಕಣ್ಣಿಗೆ ಅದೇ ಅಭ್ಯಾಸ ಆಗ್ಬಿಟ್ಟಿತ್ತು. ಎಂಜಿನ್ ಸರಿಯಾಗೇ ಇತ್ತು. ಕೆಡಿಸಿದ್ದು ನಾನು.” ಅಷ್ಟೂ ಜನರ ಎದುರು ಇದೇ ಮಾತನ್ನು ಹೇಳಿದರಂತೆ. ಅಂಚೆಯವರ ಎಂಜಿನ್ನನ್ನು ತಾವೇ ಬಿಚ್ಚಿ ಸಿಲಿಂಡರು ಕೊರೆದು ಸರಿಮಾಡಿದರು. ಆಮೇಲೆ ಎರಡು ತಿಂಗಳು, ಭೂತಗನ್ನಡಿ ಹಿಡಿದು ನೂರಾರು ಪ್ಲಗ್ಗು ನೋಡುತ್ತ ಕೂತರು. ತುದಿಯನ್ನಲ್ಲ, ಪಿಂಗಾಣಿಯ ಬುಡದಲ್ಲಿ ಮೂಡುವ ಸಣ್ಣ ಗೆರೆಯನ್ನು ಓದಬೇಕೆಂಬುದು ಈಗ ಅವರಿಗೆ ಗೊತ್ತು. ಐವತ್ತು ದಾಟಿದ ಮೇಲೆ ಓದು ಕಲಿತ ಹಾಗಾಯಿತು ಎಂದು ನಗುತ್ತಾರೆ.

ಭಾನುವಾರ ರೇಸ್. ಇಪ್ಪತ್ಮೂರು ಕಾರು ಹೊರಟು ಇಪ್ಪತ್ತೊಂದು ಗುರಿ ಮುಟ್ಟುತ್ತವೆ. ಒಂದರ ಟಯರು ಒಡೆದಿದೆ, ಇನ್ನೊಂದರ ಪಂಪು ಕೈಕೊಟ್ಟಿದೆ. ಶಾಲೆಯಲ್ಲಿ ಗಣಿತ ಹೇಳುವ ವಾಲ್ವಕ್ಕನ ಮಗಳು ಒಂಬತ್ತನೆಯವಳು. ಆದರೆ ಅವಳ ತಾಯಿಗೆ ಯಾರು ಗೆದ್ದರೆಂಬುದರ ಕಡೆ ಗಮನವೇ ಇಲ್ಲ. ಎಂಜಿನ್ನುಗಳು ತಣ್ಣಗಾಗಲು ಎರಡು ಗಂಟೆ ಬೇಕು. ಆಮೇಲೆ ಸಂಘದ ಪರೀಕ್ಷಕರು, ನಡುವೆ ನಿಂತ ಎರಡು ಕಾರನ್ನೂ ಬಿಡದೆ, ತೆಳ್ಳನೆಯ ಲೋಹದ ಪಟ್ಟಿಯನ್ನು ಒಂದೊಂದು ವಾಲ್ವಿನ ಸಂದಿಗೂ ತೂರಿಸುತ್ತಾರೆ. ಪಟ್ಟಿ ಹೋದರೆ ಸೀಟು ಭದ್ರ. ಹೋಗದಿದ್ದರೆ ವಾಲ್ವು ಇಳಿದು ಸಂದಿ ಮುಚ್ಚಿಹೋಗಿದೆ ಎಂದರ್ಥ.

ತಮ್ಮ ಕೆಲಸವನ್ನು ತಾವೇ ಅಳೆಯುವಂತಿಲ್ಲವಾದ್ದರಿಂದ ವಾಲ್ವಕ್ಕ ಗೋಡೆಯ ಬದಿ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಪಾನಾಗಳನ್ನು ಸೋಪು ನೀರಿನಲ್ಲಿ ಉಜ್ಜುತ್ತಾರೆ, ಒರೆಸುತ್ತಾರೆ, ಒರೆಸಿದ್ದನ್ನೇ ಮತ್ತೆ ಉಜ್ಜುತ್ತಾರೆ. ಧೈರ್ಯವಾಗಿದ್ದೀರಲ್ಲ ಎಂದರೆ, “ಎಲ್ಲಿಯ ಧೈರ್ಯ? ಈ ಪಾನಾನ ಎಷ್ಟನೇ ಸಲ ತೊಳೀತಿದೀನಿ ನೋಡಿ,” ಎನ್ನುತ್ತಾರೆ. ಪಟ್ಟಿ ಮೊದಲ ಕಾರಿನಲ್ಲಿ ಹೋಗುತ್ತದೆ. ಎರಡನೆಯದರಲ್ಲೂ. ಹತ್ತನೆಯ ಕಾರು ದಾಟಿದ ಮೇಲೆ ಸುತ್ತಲಿನವರು ಬೆರಳು ಮಡಿಚಿ ಎಣಿಸತೊಡಗಿದ್ದಾರೆ. ಇಪ್ಪತ್ತೆರಡನೆಯದೂ ಮುಗಿಯುತ್ತದೆ. ಎಂಬತ್ತೆಂಟು ಸೀಟಿನಲ್ಲಿ ಒಂದೂ ಜಗ್ಗಿಲ್ಲ. ನನಗೇ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಪಟ್ಟಿ ಹೋಗದೆ ನಿಂತದ್ದು ಒಂದೇ ಕಾರಿನಲ್ಲಿ. ಬಾಟಲಿ ಸುರಿದಿದ್ದ ಕಾರ್ಯದರ್ಶಿಗಳದು. ಷರತ್ತಿನ ಪ್ರಕಾರ ಎರಡರವರೆಗೆ ಮಾಫಿ ಇರುವುದರಿಂದ ವಿಭಾಗ ಉಳಿಯಿತು ಎಂದು ಪರೀಕ್ಷಕರು ಸಹಿ ಹಾಕುತ್ತಾರೆ. ಡಾಕ್ಟರು ಮೆಲ್ಲಗೆ ಬಂದು ತಲೆ ಕೆರೆದುಕೊಳ್ಳುತ್ತಾರೆ. “ಅಕ್ಕಾ, ನನ್ನದಕ್ಕೂ ಸೀಟು ಹಾಕ್ಕೊಡ್ತೀರಾ?”

“ಹುಳುಕು ಹಲ್ಲಿಗೆ ಬರೀ ಬಾಯಿ ಮುಕ್ಕಳಿಸಿ ಕಳಿಸ್ತೀರಾ ಡಾಕ್ಟ್ರೇ ಅಂತ ಆವತ್ತೇ ಕೇಳಿದ್ದೆ,” ಎನ್ನುತ್ತಾರೆ ವಾಲ್ವಕ್ಕ. “ತನ್ನಿ, ಸೋಮವಾರ. ಬಿಚ್ಚೋದು ನೀವೇ ಬಿಚ್ಕೊಂಡು ಬನ್ನಿ.”

ಅಷ್ಟರಲ್ಲಿ ಅಂಗಳದ ಆಚೆ ಜೋರು ಜಗಳ ಶುರುವಾಗಿದೆ. ಕೊನೆಯ ತಿರುವಿನಲ್ಲಿ ಜಾಗ ಬಿಡಲಿಲ್ಲ ಎಂದು ಮಗಳು ಅಂಚೆಯವರ ಮೇಲೆ ಹರಿಹಾಯುತ್ತಿದ್ದಾಳೆ. ಜಾಗ ಇದ್ದರೆ ತಾನೇ ಬಿಡೋದು ಎಂದು ಅವರೂ ಬಿಟ್ಟುಕೊಡುತ್ತಿಲ್ಲ. ಉಳಿದವರು ಎರಡು ಪಕ್ಷವಾಗಿದ್ದಾರೆ. ಬಿಡಿಸಲು ಹೋಗುವುದಿಲ್ಲವೇ ಎಂದು ಕೇಳುತ್ತೇನೆ. ವಾಲ್ವಕ್ಕ ಸ್ಟೂಲಿನಿಂದ ಏಳುವುದೇ ಇಲ್ಲ.

“ಜಗಳ ಆಡ್ಕೊಳ್ಳಲಿ ಬಿಡಿ. ಆರು ತಿಂಗಳಿಂದ ಇವರ ಬಾಯಲ್ಲಿ ಸೀಸ ಬಿಟ್ರೆ ಬೇರೆ ಮಾತಿರ್ಲಿಲ್ಲ. ಈಗ ಕೇಳಿಸ್ಕೊಳ್ಳಿ, ಒಬ್ಬರಾದ್ರೂ ಎತ್ತುತ್ತಿದಾರಾ ಅದನ್ನ? ನನಗಷ್ಟು ಸಾಕು.”